ಇಪ್ಪತ್ತೈದು ಡಿಗ್ರಿಯಲ್ಲಿ ಅಳೆದದ್ದು

ಸೆಪ್ಟೆಂಬರ್ 9, ಸೋಮವಾರ

ಶುಕ್ರವಾರ ಸಂಜೆ ಕಿಟಕಿಯ ಪಕ್ಕ ಬಿಟ್ಟು ಬಂದಿದ್ದ ನನ್ನ ಮೇಜು ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಡಯೋಡು ಕಾಯಿಸುವ ಓವನ್ ಪಕ್ಕದಲ್ಲಿತ್ತು. ಒಂದು ಮಾತು ಕೇಳಿದ್ದಿಲ್ಲ, ಹೇಳಿದ್ದಿಲ್ಲ. ಪೆಂಗ್ ಚೂನ್‌ಲಾನ್ ಎಂದರೆ, ಅಂದರೆ ನಾನು, ಹಳೆಯ ಬೀರು, ಯಾವ ಮೂಲೆಗಾದರೂ ದೂಡಬಹುದು ಎಂದುಕೊಂಡಿದ್ದಾರೆ. ಇಪ್ಪತ್ತಮೂರು ವರ್ಷ! ಸಿಂಚೂವಿನ ಈ ಕಾರ್ಖಾನೆಯಿಂದ ಹೊರಬಿದ್ದ ಒಂದೊಂದು ಲೇಸರ್ ಡಯೋಡೂ ನನ್ನ ಕೈಯಲ್ಲಿ ಅಳತೆಯಾಗಿ, ಅದರ ಪತ್ರಕ್ಕೆ ನನ್ನ ಹೆಸರಿನ ಮೊಹರು ಬಿದ್ದ ಮೇಲೆಯೇ ಹೋಗಿರುವುದು.

ಕಿಟಕಿಯ ಪಕ್ಕ ಈಗ ಕೂತಿರುವವಳು ಡಾಕ್ಟರೇಟ್ ಮುಗಿಸಿ ಬಂದ ಇಪ್ಪತ್ತೆಂಟರ ಹುಡುಗಿ, ಜಿಯಾನ್ ಪಿನ್‌ರೂ. ಮೂರು ತಿಂಗಳು ಪರೀಕ್ಷಾವಧಿಯಂತೆ. ಮ್ಯಾನೇಜರ್ ವೇಯ್ ಎಲ್ಲರನ್ನೂ ಸೇರಿಸಿ ಮೆರೆಸಿದ.

"ಇವರು ಡಾಕ್ಟರ್ ಜಿಯಾನ್. ಇನ್ಮೇಲೆ ಅಳತೆ ವಿಭಾಗದ ಅಂಕಿಗಳೆಲ್ಲಾ ಇವರ ಕಣ್ಣಿಗೆ ಬಿದ್ದೇ ಹೋಗ್ಬೇಕು. ಡಾಕ್ಟರ್, ನಮ್ಮೋರಿಗೆ ಒಂದು ಪಾಠ ಹೇಳಿ ನೋಡೋಣ. ಒಂದ್ಸಲ ತಯಾರಾದ ಡಯೋಡಿನ ತರಂಗಾಂತರಾನ ಆಮೇಲೆ ಬದಲಾಯಿಸ್ಬಹುದಾ?"

"ಬದಲಾಯಿಸ್ಬಹುದು ಸರ್. ಬಿಸಿ ಮಾಡಿದ್ರೆ ಉದ್ದ ಆಗುತ್ತೆ, ತಣ್ಣಗೆ ಮಾಡಿದ್ರೆ ಗಿಡ್ಡ ಆಗುತ್ತೆ. ನಮ್ಮ ಡಯೋಡಿಗೆ ಹೆಚ್ಚುಕಮ್ಮಿ ಮೂರು ಡಿಗ್ರಿಗೆ ಒಂದು ನ್ಯಾನೋಮೀಟರ್."

ಎಲ್ಲರೂ ಆಹಾ ಎಂದರು. ನನಗೆ ಮೈಯೆಲ್ಲ ಉರಿಯಿತು. ಆಹಾ ಎನ್ನಲು ಏನಿದೆ ಅದರಲ್ಲಿ? ಡಯೋಡನ್ನು ಕೂರಿಸುವ ತಾಮ್ರದ ತಟ್ಟೆಯನ್ನು ಇಪ್ಪತ್ತಮೂರು ವರ್ಷ ಇಪ್ಪತ್ತೈದೇ ಡಿಗ್ರಿಯಲ್ಲಿ ಕಾದುಕೊಂಡು ಬಂದದ್ದು ನಾನು ಸುಮ್ಮನೆಯೇ? ಒಂದು ಡಿಗ್ರಿ ತಪ್ಪಿದರೆ ಅಂಕಿ ತಪ್ಪುತ್ತದೆ ಎಂದು ಈ ಹುಡುಗಿ ಅಂಗನವಾಡಿಯಲ್ಲಿ ಆಡುತ್ತಿದ್ದಾಗಲೇ ನನಗೆ ಗೊತ್ತಿತ್ತು. ನನ್ನನ್ನು ಒಬ್ಬರೂ ಕೇಳಲಿಲ್ಲ, ಅಷ್ಟೆ.

ಆಮೇಲೆ ನನ್ನ ಹತ್ತಿರ ಬಂದು, "ಲಾನ್ ಅಕ್ಕ, ತಟ್ಟೆಯ ತಾಪಮಾನ ಯಾವುದ್ರಲ್ಲಿ ನೋಡ್ತೀರಾ?" ಎಂದಳು.

"ಕೈಯಲ್ಲಿ," ಎಂದೆ.

ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು!

ಮನೆಗೆ ಬಂದು ಪಾತ್ರೆ ಕುಕ್ಕಿದೆನಂತೆ. "ಪಾತ್ರೆ ಏನು ಮಾಡ್ತು ಪಾಪ, ಎಲ್ಲಾದ್ರೂ ಬರೆದು ಎಸೆದುಬಿಡು," ಎಂದ ನನ್ನ ಗಂಡ ಮೌಶೆಂಗ್. ಅದಕ್ಕೇ ಈ ಪುಸ್ತಕ.

ಸೆಪ್ಟೆಂಬರ್ 12, ಗುರುವಾರ

ಚಾಂಗ್‌ಹ್ವಾದ ಯಾನ್ ಅವರಿಗೆ ಹೋಗಬೇಕಾದ ಇನ್ನೂರು ಡಯೋಡುಗಳನ್ನು ಅಳೆದೆ. ತರಂಗಾಂತರ ಎಂಟುನೂರ ಎಂಟು ನ್ಯಾನೋಮೀಟರ್ ಬರಬೇಕು. ಎಂಟುನೂರ ಐದರಿಂದ ಹನ್ನೊಂದರವರೆಗೆ ನಡೆಯುತ್ತದೆ. ಬಂದದ್ದು ಎಂಟುನೂರ ಮೂರು. ಒಂದಲ್ಲ ಎರಡಲ್ಲ, ಇನ್ನೂರೂ ಹಾಗೆಯೇ.

ಯಾನ್ ಅವರದು ಹತ್ತು ಜನರ ಸಣ್ಣ ಕಾರ್ಖಾನೆ. ನಮ್ಮ ಡಯೋಡಿನ ಬೆಳಕನ್ನು ಒಂದು ಹರಳಿಗೆ ಕುಡಿಸಿ, ಹಸಿರು ಬೆಳಕು ತೆಗೆಯುತ್ತಾರೆ. ಆ ಹಸಿರು ಬೆಳಕಿನಿಂದ ಕಣ್ಣಿನ ಡಾಕ್ಟರುಗಳು ಸಕ್ಕರೆ ಕಾಯಿಲೆಯವರ ಕಣ್ಣಿನೊಳಗೆ ಸೋರುವ ರಕ್ತನಾಳಗಳನ್ನು ಸುಟ್ಟು ಮುಚ್ಚುತ್ತಾರೆ. ಆ ಹರಳಿಗೆ ಎಂಟುನೂರ ಎಂಟೇ ರುಚಿ. ಎಂಟುನೂರ ಮೂರು ಕೊಟ್ಟರೆ ಅರ್ಧಂಬರ್ಧ ಕುಡಿದು ಉಳಿದದ್ದನ್ನು ಚೆಲ್ಲುತ್ತದೆ.

ತಿರಸ್ಕೃತ ಎಂದು ಕೆಂಪು ಚೀಟಿ ಅಂಟಿಸಿದೆ. ವೇಯ್ ಓಡಿ ಬಂದ.

"ಇನ್ನೊಂದ್ಸಲ ಅಳೀರಿ."

"ಮೂರು ಸಲ ಅಳೆದಿದೀನಿ."

"ನಿಮ್ಮ ಯಂತ್ರಕ್ಕೆ ವಯಸ್ಸಾಯ್ತು. ಅದರ ಮೇಲಿಟ್ಟಿರೋ ತಿಂಡಿ ಪೊಟ್ಟಣದ ತಾರೀಕು ಮುಗಿದಿದೆಯೇನೋ ನೋಡಿ, ಅದಕ್ಕೇ ಕೈ ಕೊಡ್ತಿದೆ."

ಯಂತ್ರಗಳು ಮುನಿಯದಿರಲಿ ಎಂದು ನಾವೆಲ್ಲ ಒಂದೊಂದರ ಮೇಲೆ ಒಂದೊಂದು ತಿಂಡಿಯ ಹಸಿರು ಪೊಟ್ಟಣ ಇಡುತ್ತೇವೆ. ನನ್ನ ಪೊಟ್ಟಣದ ತಾರೀಕು ಮಾರ್ಚ್‌ವರೆಗೆ ಇದೆ. ತೋರಿಸಿದೆ. ಸುತ್ತ ಇದ್ದವರು ನಕ್ಕರು. ಅವನು ನಗಲಿಲ್ಲ. ಆ ಡಾಕ್ಟರನ್ನು ಕರೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸೆಪ್ಟೆಂಬರ್ 13, ಶುಕ್ರವಾರ

ಊಟ ಮುಗಿಸಿ ಬಂದರೆ ನನ್ನ ಯಂತ್ರದ ಮುಂದೆ ಅವಳು ಕೂತಿದ್ದಳು. ತಟ್ಟೆಯ ತಾಪಮಾನ ನಲವತ್ತು. ಪರದೆಯ ಮೇಲೆ ಎಂಟುನೂರ ಏಳೂವರೆ.

"ಏನಮ್ಮಾ ಇದು?" ಎಂದೆ.

"ಮ್ಯಾನೇಜರ್ ನಲವತ್ತರಲ್ಲಿ ಎಷ್ಟು ಬರುತ್ತೆ ನೋಡಿ ಅಂದ್ರು ಅಕ್ಕ. ನೋಡ್ತಿದೀನಿ."

ನಾಲ್ಕು ಗಂಟೆಗೆ ವೇಯ್ ಅಳತೆ ಪತ್ರ ಅಚ್ಚು ಹಾಕಿಸಿ ತಂದ. ಎಲ್ಲವೂ ಎಂಟುನೂರ ಏಳೂವರೆ, ಏಳೂಮುಕ್ಕಾಲು. ಕೆಳಗೆ 'ಇಪ್ಪತ್ತೈದು ಡಿಗ್ರಿಯಲ್ಲಿ ಅಳೆದದ್ದು' ಎಂಬ ಎಂದಿನ ಸಾಲು.

"ಇದು ಸುಳ್ಳು," ಎಂದೆ.

"ಸುಳ್ಳೇನು ಬಂತು? ಅಂಕಿ ನಿಜ. ತರಂಗಾಂತರ ಬದಲಾಯಿಸ್ಬಹುದು ಅಂತ ಡಾಕ್ಟರೇ ಹೇಳಿಲ್ವಾ?"

"ಹಾಗಾದ್ರೆ ಕೆಳಗೆ ನಲವತ್ತು ಅಂತ ಬರೀರಿ."

"ಬರೆದ್ರೆ ತಗೋತಾನಾ ಆ ಯಾನ್? ಲಾನ್ ಅಕ್ಕ, ನಿವೃತ್ತಿಗೆ ಇನ್ನೆರಡು ವರ್ಷ ಇದೆ ನಿಮಗೆ. ಮೊಹರು ಒತ್ತಿ, ಹಬ್ಬಕ್ಕೆ ಹೋಗಿ."

ಒತ್ತಲಿಲ್ಲ. ಮೊಹರನ್ನು ಡ್ರಾಯರಿನಲ್ಲಿಟ್ಟು ಎದ್ದು ಬಂದೆ. ಆ ಹುಡುಗಿ ಕತ್ತು ಬಗ್ಗಿಸಿ ಏನೋ ಬರೆಯುತ್ತಲೇ ಇದ್ದಳು. ಓದಿದವರು! ನೆಟ್ಟಗಿದ್ದದ್ದನ್ನು ಹೇಗೆ ಸೊಟ್ಟ ಮಾಡಬಹುದು ಎಂದು ಕಲಿಯಲಿಕ್ಕೇ ಅಷ್ಟು ವರ್ಷ ಓದುತ್ತಾರೆ ಎಂದು ಕಾಣುತ್ತದೆ.

ಸೆಪ್ಟೆಂಬರ್ 17, ಮಂಗಳವಾರ

ಶರತ್ಕಾಲದ ಹುಣ್ಣಿಮೆ. ಮನೆ ಮುಂದೆ ಕೆಂಡದ ಮೇಲೆ ಮಾಂಸ ಸುಡುತ್ತ ಮೌಶೆಂಗ್‌ಗೆ ಎಲ್ಲ ಹೇಳಿದೆ. "ಎರಡು ವರ್ಷ ತಾನೇ, ನುಂಗಿಕೋ," ಎಂದ. ನುಂಗಲು ಇದೇನು ಹಬ್ಬದ ಮೂನ್‌ಕೇಕೇ? ಅವನ ತಟ್ಟೆಗೆ ಸೀದುಹೋದ ತುಂಡುಗಳನ್ನೇ ಹಾಕಿದೆ. ಎಲ್ಲಾ ತಿಂದು ಮುಗಿಸಿದ. ಅದಕ್ಕೂ ಸಿಟ್ಟು ಬಂತು.

ಸೆಪ್ಟೆಂಬರ್ 18, ಬುಧವಾರ

ಯಾನ್ ಅವರ ಪೆಟ್ಟಿಗೆಗಳು ಹೋಗಿಬಿಟ್ಟಿವೆ! ಕಡತದಲ್ಲಿ ಪತ್ರದ ನಕಲು ನೋಡಿದೆ. ಅದರ ಮೇಲೆ ನನ್ನ ಮೊಹರು. ಪೆಂಗ್ ಚೂನ್‌ಲಾನ್, ಕೆಂಪಗೆ, ಒಂದಿಷ್ಟು ಓರೆಯಾಗಿ. ನಾನು ಹುಟ್ಟಿದಾರಭ್ಯ ಓರೆಯಾಗಿ ಒತ್ತಿದವಳಲ್ಲ.

ವೇಯ್ ಹತ್ತಿರ ಹೋದೆ. "ಹಬ್ಬದ ಗಡಿಬಿಡೀಲಿ ಯಾರೋ ಒತ್ತಿರ್ಬೇಕು ಬಿಡಿ. ಮೊಹರನ್ನ ಬೀಗ ಹಾಕಿಡದೇ ಹೋಗಿದ್ದು ಯಾರ ತಪ್ಪು?" ಎಂದ. ನನ್ನ ಮನೆಗೆ ಕನ್ನ ಹಾಕಿ, ಬಾಗಿಲು ಯಾಕೆ ತೆಗೆದಿಟ್ಟಿದ್ದೆ ಎಂದು ನನ್ನನ್ನೇ ಕೇಳುವುದು!

ಕ್ಯಾಂಟೀನಿಗೆ ಹೋದೆ. ಅವಳು ಒಬ್ಬಳೇ ಡಬ್ಬಿ ಊಟ ತಿನ್ನುತ್ತಿದ್ದಳು. ಐವತ್ತು ಜನರ ಎದುರಿಗೆ ಕೇಳಿದೆ.

"ನಿನಗೆ ಸ್ವಂತ ಹೆಸರು ಇಲ್ವಾ? ಇನ್ನೊಬ್ಬರ ಹೆಸರು ಕದ್ದು ಒತ್ತೋಕೆ ಎಷ್ಟು ವರ್ಷ ಓದ್ಬೇಕಮ್ಮಾ?"

ಚಾಪ್‌ಸ್ಟಿಕ್ ಕೆಳಗಿಟ್ಟಳು. "ನಾನು ಒತ್ತಿಲ್ಲ ಅಕ್ಕ."

"ಮತ್ಯಾರು, ನಿನ್ನ ಅಜ್ಜನಾ?"

ಊಟ ಅರ್ಧಕ್ಕೇ ಮುಚ್ಚಿ ಎದ್ದು ಹೋದಳು. ಸುಳ್ಳು ಹೇಳುವವರಿಗೆ ಕಿವಿ ಕೆಂಪಾಗುತ್ತದೆ. ಅವಳ ಕಿವಿ ಕೆಂಪಾಗಿತ್ತು.

ಯಾನ್ ಅವರಿಗೆ ಫೋನ್ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಅದು ನನ್ನ ಕೆಲಸವೇ? ಮಾರಿದವರು ನೋಡಿಕೊಳ್ಳಲಿ.

ಸೆಪ್ಟೆಂಬರ್ 25, ಬುಧವಾರ

ಬರೆಯಲು ಏನೂ ಇಲ್ಲ. ಓವನ್ ಪಕ್ಕ ಕೂತು ಬೆನ್ನು ಬೆವರುತ್ತದೆ. ಮೊಹರನ್ನು ಈಗ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೇನೆ.

ಅಕ್ಟೋಬರ್ 8, ಮಂಗಳವಾರ

ಯಾನ್ ಅವರೇ ಫೋನ್ ಮಾಡಿದರು. ಎಪ್ಪತ್ತು ದಾಟಿದ ಮನುಷ್ಯ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡುತ್ತಿದ್ದೆ. ಮೆತ್ತಗೆ ಮಾತಾಡಿದರು.

"ಮಿಸ್ ಪೆಂಗ್, ಊಟ ಆಯ್ತಾ? ಒಂದು ವಿಷಯ. ಈ ಸಲದ ಡಯೋಡು ಹಾಕಿದ ಮೇಲೆ ಹಸಿರು ಬೆಳಕು ಮಂಕಾಗಿ ಬರ್ತಿದೆ. ನಮ್ಮ ಹರಳೇ ಸರಿ ಇಲ್ಲವೇನೋ ಅಂತ ಮೂರು ಹರಳು ಬದಲಾಯಿಸ್ದೆ. ನನ್ನ ಮಗ, ಡಯೋಡನ್ನೇ ಅಳೆಸೋಣ ಅಪ್ಪಾ ಅಂದ. ನಾನು ಬೈದೆ. ಹನ್ನೊಂದು ವರ್ಷದಿಂದ ಮಿಸ್ ಪೆಂಗ್ ಮೊಹರು ನೋಡಿ ತಗೋತಿದೀನಿ ಕಣೋ, ಅದನ್ನ ಅಳೆಸೋದು ಅಂದ್ರೇನು ಅಂದೆ. ನೀವೇ ಹೇಳಿ, ನಮ್ಮಲ್ಲೇ ಏನು ತಪ್ಪಾಗಿರ್ಬಹುದು?"

ನಾನು ಏನು ಹೇಳಿದೆ? "ನೋಡ್ತೀನಿ," ಎಂದೆ. ನೋಡಿ ಆಗಿತ್ತಲ್ಲ! ಮೂರು ಸಲ ನೋಡಿ ಆಗಿತ್ತು.

ಆ ಮಗನಿಗೆ ಬುದ್ಧಿಯಿದೆ. ಅವನ ಮಾತು ಯಾಕೆ ಕೇಳಲಿಲ್ಲ ಈ ಮುದುಕ? ಯಾರೋ ಹೆಂಗಸಿನ ಮೊಹರನ್ನು ದೇವರ ತಾಯಿತ ಅಂದುಕೊಂಡು ಕೂರುವುದೇ? ಇಡೀ ದಿನ ಅವರ ಮೇಲೆ ಸಿಟ್ಟು ಬಂದಿತ್ತು ನನಗೆ.

ಅಕ್ಟೋಬರ್ 14, ಸೋಮವಾರ

ವೇಯ್ ಯಾನ್ ಅವರಿಗೆ ಉಪಾಯ ಹೇಳಿಕೊಟ್ಟಿದ್ದಾನೆ. "ಡಯೋಡಿನ ಕೆಳಗೆ ಒಂದು ಹೀಟರ್ ಕೂರಿಸಿ ನಲವತ್ತಕ್ಕೆ ಇಡಿ, ತರಂಗಾಂತರ ಸರಿ ಹೋಗುತ್ತೆ." ಅವರು ಹಾಗೇ ಮಾಡಿದರಂತೆ. ಬೆಳಕು ಬಂತಂತೆ. ವೇಯ್ ನನ್ನ ಮೇಜಿನ ತನಕ ಬಂದು ಹೇಳಿ ಹೋದ. "ನೋಡಿದ್ರಾ? ಎಷ್ಟು ಸುಲಭ ಇತ್ತು. ಸುಮ್ನೆ ರಾದ್ಧಾಂತ ಮಾಡಿದ್ರಿ."

ಸಂಜೆ ಬಸ್ಸಿಗೆ ನಿಂತಿದ್ದಾಗ ಆ ಹುಡುಗಿ ಹಿಂದಿನಿಂದ ಬಂದಳು. ಸಿಂಚೂವಿನ ಗಾಳಿಗೆ ಕೂದಲೆಲ್ಲ ಮುಖದ ಮೇಲೆ. ಕೈಯಲ್ಲಿ ಒಂದು ಹಾಳೆ, ಹಾರಿಹೋಗದ ಹಾಗೆ ಎದೆಗೊತ್ತಿ ಹಿಡಿದಿದ್ದಳು.

"ಅಕ್ಕ, ಬೈದ್ರೂ ಪರವಾಗಿಲ್ಲ, ಇದನ್ನೊಂದು ನೋಡಿಬಿಡಿ."

ಆ ಇನ್ನೂರರ ಜೊತೆ ತಯಾರಾಗಿ ನಮ್ಮಲ್ಲೇ ಉಳಿದವುಗಳಲ್ಲಿ ಹನ್ನೆರಡು ಡಯೋಡುಗಳನ್ನು ಅವಳು ಸೆಪ್ಟೆಂಬರ್ ಹದಿನಾರರಿಂದ ನಲವತ್ತು ಡಿಗ್ರಿಯಲ್ಲಿ, ಹಗಲೂ ರಾತ್ರಿ ಉರಿಸಿಟ್ಟಿದ್ದಾಳೆ. ಯಾರೂ ಹೇಳಿದ್ದಲ್ಲ. ನಾಲ್ಕು ವಾರದಲ್ಲಿ ಎರಡರ ಬೆಳಕು ಹತ್ತರಲ್ಲೊಂದು ಪಾಲು ಇಳಿದಿದೆ. ಮೂರನೆಯದೂ ಇಳಿಯುತ್ತಿದೆ. ಇಪ್ಪತ್ತೈದರಲ್ಲಿ ಉರಿಯುತ್ತಿರುವ ಇನ್ನೂ ಹನ್ನೆರಡು ಹಾಗೇ ಇವೆ.

"ತರಂಗಾಂತರ ಬದಲಾಗುತ್ತೆ, ಅದು ನಿಜ ಅಕ್ಕ. ಆದ್ರೆ ಬಿಸೀಲಿಟ್ರೆ ಆಯಸ್ಸು ಕಮ್ಮಿ ಆಗುತ್ತೆ. ಸೆಪ್ಟೆಂಬರ್ ಹದಿಮೂರನೇ ತಾರೀಕೇ ಮ್ಯಾನೇಜರಿಗೆ ಬರೆದುಕೊಟ್ಟಿದ್ದೆ. ನಲವತ್ತರಲ್ಲಿ ಅಳೆದದ್ದು ಅಂತ ಪತ್ರದಲ್ಲಿ ಹಾಕ್ಬೇಕು, ಗಿರಾಕಿಗೂ ಹೇಳ್ಬೇಕು ಅಂತ. ನಕಲು ಇಲ್ಲಿದೆ ನೋಡಿ."

"ಮೊಹರು?"

"ನನಗೇ ಒತ್ತೋಕೆ ಹೇಳಿದ್ರು. ಒತ್ತಲ್ಲ ಅಂದೆ. ಅವರೇ ಒತ್ತಿದ್ರು. ಡಿಸೆಂಬರಲ್ಲಿ ನಿನ್ನ ಪರೀಕ್ಷಾವಧಿ ಮುಗಿಯುತ್ತೆ, ನೆನಪಿಟ್ಕೋ ಅಂದ್ರು."

"ಕ್ಯಾಂಟೀನಲ್ಲಿ ಅವತ್ತೇ ಯಾಕೆ ಬಾಯಿಬಿಡಲಿಲ್ಲ?"

"ನೀವು ಬಿಟ್ರೆ ತಾನೇ ಅಕ್ಕ."

ಬಸ್ಸು ಬಂತು. "ಹಾಳೇಲಿ ಬರೆದಿರೋ ಅಂಕಿ ತೀರಾ ಚಿಕ್ಕದು, ನನ್ನ ಕಣ್ಣಿಗೆ ಕಾಣ್ಸಲ್ಲ," ಎಂದು ಹೇಳಿ ಹತ್ತಿಬಿಟ್ಟೆ. ಮತ್ತೇನು ಹೇಳುವುದು? ಹಾಳೆಯೂ ನಕಲೂ ನನ್ನ ಕೈಯಲ್ಲೇ ಉಳಿದವು.

ಅಕ್ಟೋಬರ್ 20, ಭಾನುವಾರ

ಸಿನ್‌ಪುವಿನಲ್ಲಿ ಅತ್ತಿಗೆಯ ಮನೆಗೆ ಪರ್ಸಿಮನ್ ಹಣ್ಣು ಸುಲಿಯಲು ಹೋಗಿದ್ದೆ. ಈ ಗಾಳಿಯಲ್ಲಿ ಒಣಗಿಸದಿದ್ದರೆ ಮತ್ತೆ ಒಣಗುವುದಿಲ್ಲ, ಎಷ್ಟು ಕೈ ಇದ್ದರೂ ಸಾಲದು. ಅದಕ್ಕೇ ಪಿನ್‌ರೂವನ್ನೂ ಕರೆದುಕೊಂಡು ಹೋದೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ, ಮೂರು ಹೊತ್ತೂ ಅಂಗಡಿಯ ಡಬ್ಬಿ ಊಟ. ಕೆಲಸಕ್ಕೆ ಒಂದು ಕೈ ಹೆಚ್ಚಿರಲಿ ಎಂದು ಕರೆದದ್ದು, ಬೇರೇನಿಲ್ಲ.

ಹಣ್ಣು ಸುಲಿಯಲು ಬರುವುದಿಲ್ಲ ಅವಳಿಗೆ. ಸಿಪ್ಪೆಯ ಜೊತೆ ಅರ್ಧ ಹಣ್ಣೂ ಹೋಗುತ್ತದೆ.

"ಯಾರೇ ಇವಳು? ಮೊಹರು ಕದ್ದಳು ಅಂತ ಹಬ್ಬದ ಮಾರನೇ ದಿನ ಫೋನಲ್ಲಿ ಒಂದು ಗಂಟೆ ಬೈದ್ಯಲ್ಲ, ಅವಳಾ?" ಎಂದಳು ಅತ್ತಿಗೆ, ಪಿನ್‌ರೂ ಮುಂದೆಯೇ. ಆಕೆಗೆ ಬಾಯಿಗೆ ಬೀಗವಿಲ್ಲ.

"ಅವಳು ಕದ್ದಿಲ್ಲ."

"ಹಾಗಂತ ಇವಳಿಗೆ ಹೇಳಿದ್ಯಾ?"

"ಅವಳಿಗೆ ಗೊತ್ತಿಲ್ವಾ ತಾನು ಕದ್ದಿಲ್ಲ ಅಂತ?"

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಿನ್‌ರೂ ಕೂಡ. ನಗುವಂಥದ್ದು ಏನಿತ್ತೋ ನನಗೆ ಗೊತ್ತಾಗಲಿಲ್ಲ. ಬರುವಾಗ ಒಣಗಿದ ಹಣ್ಣಿನಲ್ಲಿ ಒಳ್ಳೆಯವನ್ನು ಆರಿಸಿ ಅವಳ ಚೀಲಕ್ಕೆ ಹಾಕಿದೆ. ಸಿಪ್ಪೆ ಸುಲಿಯಲು ಬಾರದಿದ್ದರೂ ಸಂಜೆಯವರೆಗೆ ಎದ್ದೇಳದೆ ಕೂತಿದ್ದಳಲ್ಲ.

ಅಕ್ಟೋಬರ್ 23, ಬುಧವಾರ

ಯಾನ್ ಅವರ ಫೋನ್. ಈ ಸಲ ಊಟದ ವಿಚಾರ ಕೇಳಲಿಲ್ಲ.

ಯುನ್‌ಲಿನ್ ಕಡೆಯ ಒಂದು ಹಳ್ಳಿಯ ಕಣ್ಣಿನ ಆಸ್ಪತ್ರೆ. ಯಾನ್ ಅವರ ಹೊಸ ಯಂತ್ರ ಅಲ್ಲಿಗೆ ಹೋಗಿ ಎಂಟು ದಿನವಾಗಿತ್ತಷ್ಟೆ. ಅರವತ್ತೆಂಟು ವರ್ಷದ, ಬೆಳ್ಳುಳ್ಳಿ ಬೆಳೆಯುವ ಹೆಂಗಸು ಗದ್ದವನ್ನು ಯಂತ್ರಕ್ಕೆ ಒತ್ತಿ ಕೂತಿದ್ದರಂತೆ. ಬಲಗಣ್ಣಿನ ಚಿಕಿತ್ಸೆ ಅರ್ಧ ಆಗಿತ್ತಂತೆ. ಬೆಳಕು ಇಳಿಯಿತು. ಡಾಕ್ಟರು ಏರಿಸಿದರು. ಮತ್ತೆ ಇಳಿಯಿತು. ಇನ್ನು ಏರಿಸಿದರೆ, ಅದು ತಟ್ಟನೆ ಮೊದಲಿನಂತೆ ಬಂದುಬಿಟ್ಟರೆ ಕಣ್ಣೇ ಸುಡುತ್ತದೆ ಎಂದು ಹೆದರಿ ನಿಲ್ಲಿಸಿದರಂತೆ.

"ಕಣ್ಣಿಗೆ ಏನೂ ಆಗ್ಲಿಲ್ಲ ಮಿಸ್ ಪೆಂಗ್. ಡಾಕ್ಟರ್ ಬುದ್ಧಿವಂತರು. ಆದ್ರೆ ಆ ಅಮ್ಮ ಮತ್ತೆ ಬರಲ್ಲ ಅಂತಿದಾರಂತೆ. ಭಯ ಬಿದ್ದುಬಿಟ್ಟಿದಾರೆ. ಇನ್ನೂ ಹದಿನಾಲ್ಕು ಯಂತ್ರ ಹೊರಗಡೆ ಹೋಗಿವೆ. ನಾನು ಮಾಡಿದ್ರಲ್ಲಿ ಎಲ್ಲಿ ತಪ್ಪಾಯ್ತು ಹೇಳಿ."

ವೇಯ್ ಹತ್ತಿರ ಹೋಗಿ ಹೇಳಿದೆ. ಅವನು ಚಹಾ ಸುರಿದುಕೊಳ್ಳುತ್ತಿದ್ದ. "ಹೀಟರ್ ಸರಿಯಾಗಿ ಕೂರಿಸಿರಲ್ಲ ಆ ಮುದುಕ," ಎಂದ.

ಲೋಟ ಕಿತ್ತು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಿದ್ದರೆ ಇಷ್ಟು ಹೊತ್ತಿಗೆ ಸಮಾಧಾನವಾಗಿರುತ್ತಿತ್ತೋ ಏನೋ.

ಅಕ್ಟೋಬರ್ 25, ಶುಕ್ರವಾರ

ಕೈಯಲ್ಲಿ ಹಿಡಿದು ಹೋಗಬಹುದಾದ ಸಣ್ಣ ಅಳತೆ ಯಂತ್ರವನ್ನು ಟವೆಲಿನಲ್ಲಿ ಸುತ್ತಿ, ಅರ್ಧ ದಿನ ರಜೆ ಹಾಕಿ, ರೈಲಿನಲ್ಲಿ ಚಾಂಗ್‌ಹ್ವಾಗೆ ಹೋದೆ. ಪಿನ್‌ರೂ ತಾನೂ ಬರುತ್ತೇನೆ ಎಂದಳು. "ನಿನ್ನ ಪರೀಕ್ಷಾವಧಿ ಮುಗಿಯೋವರೆಗೂ ಕಿಟಕಿ ಪಕ್ಕ ಕೂತು ಗಾಳಿ ಕುಡೀತಿರು, ನನ್ನ ಹಿಂದೆ ಬಂದ್ರೆ ಕಾಲು ಮುರೀತೀನಿ," ಎಂದೆ. ಆದರೆ ಅವಳ ಹಾಳೆಯನ್ನು ತೆಗೆದುಕೊಂಡು ಹೋದೆ. ಅಂಕಿಗಳನ್ನು ದಪ್ಪಗೆ ಬರೆದು ಹೊಸದು ಕೊಟ್ಟಿದ್ದಾಳೆ.

ಯಾನ್ ಅವರನ್ನು ಹನ್ನೊಂದು ವರ್ಷದಲ್ಲಿ ಇವತ್ತೇ ಮೊದಲು ನೋಡಿದ್ದು. ಫೋನಿನಲ್ಲಿ ಎತ್ತರದ ಮನುಷ್ಯ ಅನ್ನಿಸುತ್ತಿತ್ತು, ನನ್ನ ಭುಜಕ್ಕೆ ಬರುತ್ತಾರೆ. ಮಾಂಸದ ಕಡುಬು ತರಿಸಿಟ್ಟಿದ್ದರು. ಮುಟ್ಟಲಿಲ್ಲ. ಅವರ ಯಂತ್ರದ ತಾಮ್ರದ ತಟ್ಟೆಯನ್ನು ಇಪ್ಪತ್ತೈದಕ್ಕೆ ತಂದು, ಬಿಸಿ ಅಲ್ಲೇ ನಿಲ್ಲುವವರೆಗೆ ಕಾದು, ಉಳಿದಿದ್ದ ಪೆಟ್ಟಿಗೆಯಿಂದ ಅವರ ಕೈಯಲ್ಲೇ ಹತ್ತು ಡಯೋಡು ಆರಿಸಿ ಕೂರಿಸಲು ಹೇಳಿದೆ.

ಎಂಟುನೂರ ಮೂರು. ಎಂಟುನೂರ ಮೂರು. ಎಂಟುನೂರ ಎರಡೂಮುಕ್ಕಾಲು.

ಅವರ ಮಗ ಒಂದೊಂದನ್ನೂ ಜೋರಾಗಿ ಓದಿದ. ಹತ್ತನೆಯದರ ಹೊತ್ತಿಗೆ ಓದುವುದನ್ನು ನಿಲ್ಲಿಸಿದ.

"ಹಾಗಾದ್ರೆ ಪತ್ರದಲ್ಲಿರೋದು?" ಎಂದರು ಯಾನ್.

ಹೇಳಿದೆ. ಎಲ್ಲಾ ಹೇಳಿದೆ. ನಲವತ್ತು ಡಿಗ್ರಿ, ಓರೆ ಮೊಹರು, ಪಿನ್‌ರೂ ಉರಿಸಿಟ್ಟ ಹನ್ನೆರಡು. ಹೀಟರ್ ಹಾಕಿದ ಯಂತ್ರಗಳನ್ನೆಲ್ಲ ಇವತ್ತೇ ನಿಲ್ಲಿಸಲು ಹೇಳಿ ಎಂದೆ. ಮಗ ಆಗಲೇ ಫೋನ್ ಎತ್ತಿಕೊಂಡಿದ್ದ.

ಮುದುಕರು ಮಾತ್ರ ಒಂದೇ ಪ್ರಶ್ನೆ ಕೇಳಿದರು. "ನಿಮಗೆ ಯಾವಾಗ ಗೊತ್ತಾಯ್ತು ಮಿಸ್ ಪೆಂಗ್?"

ಇಂಥ ಪ್ರಶ್ನೆ ಕೇಳುವುದೇ ಒಬ್ಬರನ್ನು? ನಾನು ಇಷ್ಟು ದೂರ ಬಂದು, ಕೆಲಸ ಪಣಕ್ಕಿಟ್ಟು, ಅಳೆದು ತೋರಿಸಿದ ಮೇಲೆ?

"ಸೆಪ್ಟೆಂಬರ್ ಹದಿನೆಂಟು," ಎಂದೆ.

ಸ್ಟೇಷನ್ನಿಗೆ ಮಗ ಬಿಟ್ಟು ಹೋದ. ರೈಲಿನಲ್ಲಿ ಬೆರಳು ಮಡಿಸಿ ಎಣಿಸಿದೆ. ಮೂವತ್ತೇಳು ದಿನ.

ಅಕ್ಟೋಬರ್ 31, ಗುರುವಾರ

ಟೈಫೂನ್ ರಜೆ. ಮನೆಯೆಲ್ಲ ಅಲುಗಾಡುತ್ತಿದೆ. ಮೊನ್ನೆ ಸೋಮವಾರದಿಂದ ನನಗೆ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ. ಕಾರ್ಖಾನೆಯ ಯಂತ್ರವನ್ನು ಅಪ್ಪಣೆಯಿಲ್ಲದೆ ಹೊರಗೆ ಒಯ್ದದ್ದು ಅಪರಾಧವಂತೆ. ಸುಳ್ಳು ಪತ್ರ ಬರೆದವನು ಕೋಣೆಯಲ್ಲಿ ಚಹಾ ಕುಡಿಯಬಹುದು, ನಿಜ ಅಳೆದವಳು ಮನೆಯಲ್ಲಿರಬೇಕು!

ಮೌಶೆಂಗ್ ನುಂಗಿಕೋ ಎನ್ನಲಿಲ್ಲ ಈ ಸಲ. ಕಿಟಕಿಗೆ ಟೇಪು ಅಂಟಿಸುತ್ತ, "ಆ ಬೆಳ್ಳುಳ್ಳಿ ಅಮ್ಮ ಮತ್ತೆ ಹೋದ್ರಾ ಆಸ್ಪತ್ರೆಗೆ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಯಾನ್ ಅವರ ಮಗನಿಗೆ ಫೋನ್ ಮಾಡಿ ಕೇಳಿದೆ. ಇನ್ನೂ ಇಲ್ಲವಂತೆ.

ನವೆಂಬರ್ 5, ಮಂಗಳವಾರ

ಯಜಮಾನಿ ಫಾನ್‌ಚಿಯಾಂಗ್ ಕರೆಸಿದರು. ಗಂಡ ಸತ್ತ ಮೇಲೆ ಹದಿನೈದು ವರ್ಷದಿಂದ ಕಾರ್ಖಾನೆ ನಡೆಸುತ್ತಿರುವ ಹೆಂಗಸು. ಕೋಣೆಯಲ್ಲಿ ವೇಯ್ ಇದ್ದ, ಗೋಡೆ ಪಕ್ಕ ಪಿನ್‌ರೂ ನಿಂತಿದ್ದಳು. ಅವಳಿಗೆ ಕುರ್ಚಿ ಹಾಕಿರಲಿಲ್ಲ.

"ಕೂತ್ಕೋ ಚೂನ್‌ಲಾನ್," ಎಂದರು ಯಜಮಾನಿ. "ಯಾನ್ ಅವರ ಇನ್ನೂರೂ ವಾಪಸ್ ತರಿಸ್ತಿದೀನಿ. ಹೊಸದು ಕೊಡ್ತೀವಿ. ನೀನು ಮಾಡಿದ್ದು ಒಳ್ಳೇದೇ ಆಯ್ತು. ವಿಭಾಗಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡ್ತೀನಿ. ಗಿರಾಕಿಗೆ ಈ ಪತ್ರ ಹೋಗ್ಬೇಕು, ಸಾಕ್ಷಿ ಅಂತ ನಿನ್ನ ಮೊಹರು ಹಾಕು."

ಓದಿದೆ. 'ಹೊಸದಾಗಿ ಸೇರಿದ ಇಂಜಿನಿಯರ್ ಅನುಭವದ ಕೊರತೆಯಿಂದ ತಾಪಮಾನವನ್ನು ತಪ್ಪಾಗಿ ಇಟ್ಟ ಕಾರಣ...' ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಕೊನೆಯ ಸಾಲು.

ಪಿನ್‌ರೂ ಕಡೆ ನೋಡಿದೆ. ನೆಲ ನೋಡುತ್ತಿದ್ದಳು.

"ಯಜಮಾನಿ," ಎಂದೆ, "ತಾಪಮಾನ ಏರಿಸಿದ್ರೆ ತರಂಗಾಂತರ ಬದಲಾಗುತ್ತೆ ಅಂತ ಇವಳು ಹೇಳಿದ್ದು ನಿಜ. ನಿಜ ಹೇಳಿದ್ದೇ ತಪ್ಪಾ? ನಲವತ್ತರಲ್ಲಿ ಅಳೆದು ಇಪ್ಪತ್ತೈದು ಅಂತ ಬರೆದ್ರಲ್ಲ, ಅದು ತಪ್ಪು. ಬೇಡ ಅಂತ ಇವಳು ಅವತ್ತೇ ಬರೆದುಕೊಟ್ಟಿದಾಳೆ. ಬಿಸಿಯಲ್ಲಿಟ್ರೆ ಎಷ್ಟು ದಿನ ಬಾಳುತ್ತೆ ಅಂತ ಉರಿಸಿ ನೋಡಿದೋಳೂ ಇವಳೇ. ನಾವ್ಯಾರೂ ನೋಡ್ಲಿಲ್ಲ."

ಸೆಪ್ಟೆಂಬರ್ ಹದಿಮೂರರಂದು ಅವಳು ಬರೆದುಕೊಟ್ಟದ್ದರ ನಕಲನ್ನೂ ಅಂಕಿಯ ಹಾಳೆಯನ್ನೂ ಮೇಜಿನ ಮೇಲಿಟ್ಟೆ.

ವೇಯ್ ಎದ್ದ. "ಇವರಿಗೆ ನನ್ನ ಮೇಲೆ ಮೊದಲಿಂದ್ಲೂ ಹೊಟ್ಟೆಕಿಚ್ಚು ಯಜಮಾನಿ. ಮೇಜು ಸರಿಸಿದ್ದಕ್ಕೆ..."

"ಕೂತ್ಕೊಳ್ಳೋ," ಎಂದೆ. ಮ್ಯಾನೇಜರನ್ನು ಹಾಗೆ ಕರೆದದ್ದು ಇದೇ ಮೊದಲು. ಕೂತ!

ಯಜಮಾನಿ ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು. ನಿಧಾನವಾಗಿ. "ಸುಳ್ಳು ಅಂತ ಗೊತ್ತಿದ್ದೂ ಇಷ್ಟು ದಿನ ಹೋಗೋಕೆ ಬಿಟ್ಟೋರು ಯಾರು ಹಾಗಾದ್ರೆ?"

"ನಾನು. ಮೂವತ್ತೇಳು ದಿನ. ಮಾರಿದವರು ನೋಡ್ಕೊಳ್ಲಿ ಅಂತ ಸುಮ್ನಿದ್ದೆ. ಯಾನ್ ಅವರು ಫೋನ್ ಮಾಡಿ ಕೇಳಿದಾಗ್ಲೂ ಬಾಯಿ ಬಿಡ್ಲಿಲ್ಲ. ಪತ್ರದಲ್ಲಿ ಹೆಸರು ಬರೀಬೇಕಾದ್ರೆ ಮ್ಯಾನೇಜರ್ ಹೆಸರು ಬರೀರಿ, ಕೆಳಗೆ ನನ್ನದು ಬರೀರಿ. ಅದಕ್ಕೆ ಬೇಕಾದ್ರೆ ಈಗ್ಲೇ ಮೊಹರು ಒತ್ತಿ ಕೊಡ್ತೀನಿ."

ಕೊರಳಿಂದ ದಾರ ತೆಗೆದು ಮೇಜಿನ ಮೇಲೆ ಇಟ್ಟೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಸಿಟ್ಟಿನಲ್ಲಿ ಏನೇನೋ ಬಂದುಬಿಡುತ್ತದೆ. ಆ ಮಗುವಿಗೆ ಒಂದು ಕುರ್ಚಿ ಕೂಡ ಹಾಕಿರಲಿಲ್ಲವಲ್ಲ!

ನವೆಂಬರ್ 18, ಸೋಮವಾರ

ತೀರ್ಮಾನ ಬಂತು. ಪತ್ರ ನಾನು ಹೇಳಿದ ಹಾಗೆಯೇ ಹೋಗಿದೆ. ಪಿನ್‌ರೂ ಉಳಿಯುತ್ತಾಳೆ. ನನಗೆ ಒಂದು ವರ್ಷ ಮೊಹರು ಒತ್ತುವ ಹಾಗಿಲ್ಲ, ಮುಖ್ಯಸ್ಥೆಯ ಮಾತು ಬಿಡಿ. ವೇಯ್‌ನನ್ನು ಕಾರ್ಖಾನೆಯಿಂದ ತೆಗೆದು ಮಾರಾಟ ವಿಭಾಗಕ್ಕೆ ಹಾಕಿದ್ದಾರೆ. ಐದನೇ ಮಹಡಿ, ಎರಡು ಕಿಟಕಿ! ಇದು ಶಿಕ್ಷೆಯಂತೆ. ಇಂಥ ಶಿಕ್ಷೆ ನನಗೂ ಒಂದು ಕೊಡಿ ಎಂದು ಲಿಫ್ಟಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ.

ಯಾನ್ ಅವರಿಗೆ ಹೊಸ ಡಯೋಡು ಹೋಗಿವೆ. ಎಂಟುನೂರ ಎಂಟು, ಇಪ್ಪತ್ತೈದರಲ್ಲೇ. ತಲುಪಿತಾ ಎಂದು ಕೇಳಲು ಫೋನ್ ಮಾಡಿದೆ. "ತಲುಪಿತು ಮಿಸ್ ಪೆಂಗ್. ನಾವೂ ಒಂದು ಅಳತೆ ಯಂತ್ರ ತಗೊಂಡ್ವಿ. ಇನ್ಮೇಲೆ ಇಲ್ಲೇ ಒಂದ್ಸಲ ನೋಡ್ಕೋತೀವಿ," ಎಂದರು. ಎಂದಿನ ಮೆತ್ತಗಿನ ದನಿಯೇ. ಸರಿಯಾದ ಕೆಲಸ ಎಂದೆ.

ಮುಂದಿನ ವಾರ ಆ ಅಮ್ಮ ಆಸ್ಪತ್ರೆಗೆ ಹೋಗುತ್ತಾರಂತೆ. ಮಗಳು ಹೊತ್ತುಕೊಂಡಾದರೂ ಹೋಗುತ್ತೇನೆ ಎಂದಿದ್ದಾಳಂತೆ.

ನವೆಂಬರ್ 27, ಬುಧವಾರ

ಹೋದರಂತೆ. ಮುಗಿಯಿತಂತೆ. ನೋವೂ ಆಗಲಿಲ್ಲವಂತೆ.

ಡಿಸೆಂಬರ್ 10, ಮಂಗಳವಾರ

ಇವತ್ತು ಆ ಹುಡುಗಿಯ ಸೊಕ್ಕು ನೋಡಬೇಕಿತ್ತು.

ಪಿನ್‌ರೂ ಕೆಲಸ ನಿನ್ನೆ ಖಾಯಂ ಆಯಿತು. ಇವತ್ತು ಅವಳದೇ ಹೆಸರಿನ ಮೊದಲ ಪತ್ರ. ಐವತ್ತು ಡಯೋಡು, ನಾನೇ ಅಳೆದುಕೊಟ್ಟೆ. ಅಂಕಿಗಳನ್ನು ಬೆರಳಿಟ್ಟು ಓದುತ್ತ ಹೋದವಳು ಹದಿನೇಳರ ಹತ್ತಿರ ನಿಂತಳು.

"ಅಕ್ಕ, ಹದಿನೇಳರಿಂದ ಇಪ್ಪತ್ತೆರಡರವರೆಗೆ ಇನ್ನೊಂದ್ಸಲ ಅಳೀಬೇಕು."

"ಯಾಕೆ?"

"ಸ್ವಲ್ಪ ಉದ್ದ ಬಂದಿವೆ. ತಟ್ಟೆ ಇನ್ನೂ ನಿಂತಿರ್ಲಿಲ್ಲ ಅನ್ಸುತ್ತೆ. ಇಪ್ಪತ್ತೈದೂವರೆ ಇತ್ತೇನೋ."

"ಇಪ್ಪತ್ತಮೂರು ವರ್ಷದಿಂದ ಅಳೀತಿದೀನಿ ಕಣೇ ನಾನು! ಯಾರಿಗೆ ಹೇಳ್ತಿದೀಯ?"

"ನಿಮಗೇ ಅಕ್ಕ. ಇನ್ನೊಂದ್ಸಲ ಅಳೆದುಕೊಡಿ. ಅಲ್ಲೀವರೆಗೂ ಒತ್ತಲ್ಲ."

ಇಡೀ ವಿಭಾಗ ಕೆಲಸ ನಿಲ್ಲಿಸಿ ನಮ್ಮಿಬ್ಬರನ್ನೇ ನೋಡುತ್ತಿತ್ತು. ಒಂದು ಮಾತು ಮೆತ್ತಗೆ ಹೇಳಬಹುದಿತ್ತು, ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹಿರಿಯರು ಕಿರಿಯರು ಎಂಬ ಭಯ ಭಕ್ತಿ ಒಂದಿಷ್ಟಾದರೂ ಬೇಡವೇ? ತಟ್ಟೆಯನ್ನು ಕುಕ್ಕಿ ಕೂರಿಸಿ ಆರನ್ನೂ ಮತ್ತೆ ಅಳೆದೆ. ಅರ್ಧ ಡಿಗ್ರಿ ಹೆಚ್ಚೇ ಇತ್ತು ಹಾಳಾದ್ದು. ಅವಳ ಮಾತೇ ಸರಿ.

ಒತ್ತಿದಳು. ನೆಟ್ಟಗೆ ಒತ್ತಿದಳು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಂದೊಂದು ಮೇಜಿಗೂ ಹೋಗಿ ಹೇಳಿಕೊಂಡು ಬಂದೆ. ಲೆಕ್ಕ ವಿಭಾಗದವರಿಗೆ, ಪ್ಯಾಕಿಂಗಿನವರಿಗೆ, ಅಡುಗೆಯವಳಿಗೆ ಕೂಡ. "ಕೇಳಿದ್ರಾ? ನಮ್ಮ ಹುಡುಗಿ ನನ್ನ ಅಂಕೀನೇ ವಾಪಸ್ ಕಳಿಸಿದ್ಳು! ನನ್ನನ್ನೇ ಬಿಡಲ್ಲ ಅಂದ್ಮೇಲೆ ಇನ್ಯಾರನ್ನ ಬಿಡ್ತಾಳೆ ಅವಳು?" ಎಲ್ಲರೂ ನಗುತ್ತಿದ್ದರು. ಇದರಲ್ಲಿ ನಗುವಂಥದ್ದು ಏನಿದೆ?